ಯೂಸುಫ್ ಮತ್ತು ಇತರರು

ಹೃದಯಾಘಾತದ ಬಗ್ಗೆ ಈಚಿನ ಇಪ್ಪತ್ತು ವರ್ಷಗಳಲ್ಲಿ ಬಂದ ಯಾವುದಾದರೂ ಸಂಶೋಧನಾ ಪ್ರಬಂಧವನ್ನು ಕೈಗೆತ್ತಿಕೊಳ್ಳಿ. ತಲೆಬರಹ ಬಿಡಿ, ನಡುವಿನ ಕೋಷ್ಟಕಗಳನ್ನೂ ಬಿಡಿ, ಸೀದಾ ಬಾಲಕ್ಕೆ ಹೋಗಿ. ಹಿಂದಿನವರ ಕೆಲಸಗಳ ಪಟ್ಟಿ ಅಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಇಳಿದಿರುತ್ತದೆ. ಆ ಸಾಲಿನಲ್ಲಿ ‘ಯೂಸುಫ್ ಮತ್ತು ಇತರರು, ಲ್ಯಾನ್ಸೆಟ್, 2004’ ಎಂಬುದು ಕಣ್ಣಿಗೆ ಬೀಳುವ ಸಂಭವ ಬಹಳ.

‘ಮತ್ತು ಇತರರು’ ಎಂಬುದನ್ನು ನಾವು ಹೆಚ್ಚಾಗಿ ಕೋರ್ಟಿನ ಕಾಗದಗಳಲ್ಲಿ ನೋಡುತ್ತೇವೆ. ಹಳಬರು ‘ವಗೈರೆ’ ಅಂದುಬಿಡುತ್ತಿದ್ದರು. ಹೆಸರು ಹೇಳುವಷ್ಟು ಮುಖ್ಯರಲ್ಲ, ಆದರೆ ದಾವೆಯಲ್ಲಿ ಇದ್ದಾರೆ ಎಂದು ಅರ್ಥ. 2004ರ ಆ ಪ್ರಬಂಧದ ವಗೈರೆಯನ್ನು ಬಿಚ್ಚಿ ಹರಡಿದರೆ 52 ದೇಶಗಳು, 262 ಕೇಂದ್ರಗಳು, ಹತ್ತಿರಹತ್ತಿರ 30 ಸಾವಿರ ಗಂಡಸರು ಹೆಂಗಸರು ಹೊರಬರುತ್ತಾರೆ. ಈ ಅಧ್ಯಾಯ ಒಬ್ಬ ಹೃದ್ರೋಗ ಸಂಶೋಧಕರ ಪ್ರಬಂಧಗಳ ಬಗ್ಗೆ ಹೌದು. ಆದರೆ ಆ ವಗೈರೆಯನ್ನು ಬಿಟ್ಟು ಅವರ ಕತೆ ಹೇಳಲು ಬರುವುದಿಲ್ಲ.

ಸಲೀಮ್ ಯೂಸುಫ್ 1952ರಲ್ಲಿ ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿದರು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಅಲ್ಲಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್, ಆಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, 1992ರಿಂದ ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ. ಹೆಸರು ಹೊತ್ತ ಪ್ರಬಂಧಗಳು ಸಾವಿರ ದಾಟಿವೆ. 2011ರ ಒಂದು ಲೆಕ್ಕದಲ್ಲಿ, ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ವಿಜ್ಞಾನಿಗಳಲ್ಲಿ ಅವರು ಎರಡನೆಯವರು. ಬಯೊಡೇಟಾ ಇಷ್ಟು ಸಾಕು. ಕುತೂಹಲ ಇರುವುದು ಆಕ್ಸ್‌ಫರ್ಡ್‌ನಲ್ಲಿ ಅವರು ಕಲಿತ ಒಂದು ಹಟದಲ್ಲಿ.

ಆ ಕಾಲದ ಹೃದ್ರೋಗ ವಿಜ್ಞಾನಕ್ಕೆ ಒಂದು ತಾಪತ್ರಯವಿತ್ತು. ಹೃದಯಾಘಾತವಾದ ನೂರು ಜನರಲ್ಲಿ ಹತ್ತು ಮಂದಿ ಸಾಯುತ್ತಾರೆ ಅಂದುಕೊಳ್ಳಿ. ಹೊಸ ಔಷಧವೊಂದು ಸಾವನ್ನು ಐದನೇ ಒಂದು ಭಾಗದಷ್ಟು ತಗ್ಗಿಸುತ್ತದೆ. ಹತ್ತರ ಬದಲು ಎಂಟು. ಎರಡು ಜೀವ ಸಣ್ಣ ಲಾಭವೇನಲ್ಲ. ಆದರೆ ಔಷಧ ಪಡೆದ ನೂರು ಜನರನ್ನೂ ಪಡೆಯದ ನೂರು ಜನರನ್ನೂ ಹೋಲಿಸಿದರೆ ಎಂಟು-ಹತ್ತರ ಈ ಅಂತರ ಬರೀ ಅದೃಷ್ಟದಿಂದಲೂ ಬರಬಹುದು. ಒಮ್ಮೊಮ್ಮೆ ತಿರುಗುಮುರುಗಾಗಿಯೂ ಬರಬಹುದು. ಆಗಿನ ಪ್ರಯೋಗಗಳೆಲ್ಲ ಇಂಥ ನೂರಿನ್ನೂರರವೇ. ಒಂದು ಆಸ್ಪತ್ರೆ ಮದ್ದು ಹಿಡಿಯಿತು ಅನ್ನುವುದು, ಮತ್ತೊಂದು ಇಲ್ಲ ಅನ್ನುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಎಲ್ಲ ಅಗುಳೂ ಒಂದೇ ಪಾತ್ರೆಯವು. ರೋಗಿಗಳ ವಿಚಾರದಲ್ಲಿ ಪ್ರತಿ ಅಗುಳಿಗೂ ಬೇರೆ ಪಾತ್ರೆ, ಬೇರೆ ಒಲೆ.

ಮಾಡಬಹುದಾದದ್ದು ಎರಡು. ಒಂದು, ಹಳೆಯ ಸಣ್ಣ ಪ್ರಯೋಗಗಳನ್ನೆಲ್ಲ ಕೂಡಿಸಿ ಓದುವುದು. 1985ರಲ್ಲಿ ಯೂಸುಫ್, ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಪೀಟೊ ಮತ್ತವರ ಸಂಗಡಿಗರು ಬೀಟಾ ಬ್ಲಾಕರ್ ಎಂಬ ಔಷಧಗಳ ವಿಚಾರದಲ್ಲಿ ಇದನ್ನೇ ಮಾಡಿದರು. ಬಿಡಿಬಿಡಿಯಾಗಿ ಗೊಣಗುತ್ತಿದ್ದ ಪ್ರಯೋಗಗಳು ಒಟ್ಟುಗೂಡಿದಾಗ ಒಂದೇ ಮಾತು ಹೇಳಿದವು: ಹೃದಯಾಘಾತದ ನಂತರ ದೀರ್ಘಕಾಲ ಈ ಮಾತ್ರೆ ನುಂಗಿದವರಲ್ಲಿ ಸಾವು ಸುಮಾರು ಐದನೇ ಒಂದು ಭಾಗ ಕಡಿಮೆ. ಮತಗಟ್ಟೆಗಳ ಎಣಿಕೆ ಕೂಡಿಸಿದಂತೆಯೇ, ಆದರೆ ಒಂದು ಶಿಸ್ತಿನೊಂದಿಗೆ. ಒಂದು ಪ್ರಯೋಗದ ಮದ್ದು ಪಡೆದವರನ್ನು ಅದೇ ಪ್ರಯೋಗದ ಮದ್ದು ಪಡೆಯದವರೊಂದಿಗೆ ಮಾತ್ರ ಹೋಲಿಸಬೇಕು, ಆಮೇಲೆ ಆ ಅಂತರಗಳನ್ನು ಕೂಡಿಸಬೇಕು. ಇದಕ್ಕೆ ಅವರು ಬಳಸಿದ ಲೆಕ್ಕದ ಕ್ರಮ ಇವತ್ತಿಗೂ ಪೀಟೊ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿದೆ.

ಎರಡನೆಯದು, ಪ್ರಯೋಗವನ್ನೇ ದೊಡ್ಡದಾಗಿಸುವುದು. ದೊಡ್ಡದಾಗಬೇಕಾದರೆ ಸರಳವಾಗಿರಬೇಕು. ಹತ್ತು ಪುಟದ ಅರ್ಜಿ ತುಂಬಿಸಿದರೆ ರಾತ್ರಿಪಾಳಿಯ ವೈದ್ಯರು ಯಾರೂ ಹತ್ತಿರ ಬರುವುದಿಲ್ಲ. ಒಂದು ಪುಟದ ನಮೂನೆ ಕೊಡಿ, ಯಾರಿಗೆ ಮದ್ದು, ಯಾರಿಗೆ ಮದ್ದಿಲ್ಲದ ಬರಿ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿ: ರೋಗಿ ಬದುಕಿದ್ದಾರೆಯೇ? 1984ರಲ್ಲಿ ಯೂಸುಫ್, ರೋರಿ ಕಾಲಿನ್ಸ್ ಮತ್ತು ಪೀಟೊ ಇದನ್ನೊಂದು ಪುಟ್ಟ ಪ್ರಬಂಧದಲ್ಲಿ ವಾದಿಸಿದರು. ಅದರಲ್ಲಿ ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ನನ್ನ ಮಟ್ಟಿಗೆ ಅವರ ಸಾವಿರ ಪ್ರಬಂಧಗಳಲ್ಲಿ ಅದೇ ತಾಯಿಬೇರು.

ಈ ಯೋಚನೆ ಆಕ್ಸ್‌ಫರ್ಡ್‌ನ ‘ಐಸಿಸ್’ ಪ್ರಯೋಗಮಾಲೆಯಲ್ಲಿ ಚಿಗುರೊಡೆಯಿತು. ಐಸಿಸ್ ಎಂಬುದು ಆ ಊರಿನಲ್ಲಿ ಹರಿಯುವ ಥೇಮ್ಸ್ ನದಿಗೆ ಸ್ಥಳೀಯರಿಟ್ಟ ಹೆಸರು. ಇಂದಿನ ಕಿವಿಗೆ ಬೇರೇನೋ ಕೇಳಿಸಿದರೆ ಅದು ನದಿಯ ತಪ್ಪಲ್ಲ. ಯೂಸುಫ್ ಅಮೆರಿಕ ಸೇರಿದ ಮೇಲೆ, 1988ರಲ್ಲಿ, ಎರಡನೆಯ ಐಸಿಸ್ ಪ್ರಯೋಗದ ಫಲಿತಾಂಶ ಬಂತು. 417 ಆಸ್ಪತ್ರೆಗಳು, 17,187 ರೋಗಿಗಳು. ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದನ್ನೂ ಆಸ್ಪಿರಿನ್ ಮಾತ್ರೆಯನ್ನೂ ಪಡೆದವರಲ್ಲಿ ಐದು ವಾರದೊಳಗೆ ಸತ್ತವರು ನೂರಕ್ಕೆ 8. ಎರಡೂ ಸಿಗದವರಲ್ಲಿ 13. ಆಸ್ಪಿರಿನ್ ಅಂದರೆ ತಲೆನೋವಿಗೆ ನುಂಗುವ, ಪುಡಿಗಾಸಿನ ಮಾತ್ರೆ!

ಆ ಪ್ರಬಂಧವನ್ನು ಪ್ರಕಟಿಸಲಿದ್ದ ಪತ್ರಿಕೆಯವರು ಲೇಖಕರನ್ನು ಕೇಳಿದರು: ಯಾವ ವಯಸ್ಸಿನವರಿಗೆ ಲಾಭ, ಯಾವ ಬಗೆಯ ರೋಗಿಗೆ ಇಲ್ಲ, ಸ್ವಲ್ಪ ವಿಂಗಡಿಸಿ ತೋರಿಸಬಾರದೇ? ತಂಡದವರು ವಿಂಗಡಿಸಿದರು. ಜೊತೆಗೆ ಹುಟ್ಟಿದ ದಿನಾಂಕ ಹಿಡಿದು ರಾಶಿವಾರು ಕೂಡ ವಿಂಗಡಿಸಿಬಿಟ್ಟರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ತುಸು ಕೆಡುಕನ್ನೇ ಮಾಡಿದಂತೆ ಕಂಡಿತು. ಮಿಕ್ಕ ಹತ್ತು ರಾಶಿಯವರಿಗೆ ಭರ್ಜರಿ ಲಾಭ. ಇಷ್ಟು ದೊಡ್ಡ ಪ್ರಯೋಗವನ್ನೂ ಚೂರುಚೂರು ಮಾಡಿದರೆ ಎಂಥ ಭವಿಷ್ಯವನ್ನಾದರೂ ಹೇಳಿಸಬಹುದು ಎಂದು ತೋರಿಸಲು ಮಾಡಿದ ಕುಚೋದ್ಯ ಅದು. ವೈದ್ಯಕೀಯ ಸಾಹಿತ್ಯದಲ್ಲಿ ಇಷ್ಟು ಗಂಭೀರವಾದ ನಗೆಹನಿ ನಾನು ಇನ್ನೊಂದು ಕಂಡಿಲ್ಲ.

ಆಮೇಲಿನ ಹದಿನೈದು ವರ್ಷ ಯೂಸುಫ್ ಈ ಸೂತ್ರವನ್ನು ಒಂದಾದ ಮೇಲೊಂದು ಮಾತ್ರೆಗೆ ಹಚ್ಚಿದರು. ಸೋತ ಹೃದಯಕ್ಕೆ ಎನಲಾಪ್ರಿಲ್, 1991. ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್, 2001. ನಡುವೆ 2000ದಲ್ಲಿ ‘ಹೋಪ್’: 9,297 ಜನ, ರಾಮಿಪ್ರಿಲ್ ಮಾತ್ರೆ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಇವೆಲ್ಲ ಸೇರಿ ನೂರರಲ್ಲಿ 18 ಮಂದಿಗೆ ಆಗುತ್ತಿದ್ದದ್ದು 14ಕ್ಕೆ ಇಳಿಯಿತು. ಇವುಗಳಲ್ಲಿ ಎರಡು ಹೆಸರು ನಮ್ಮ ಮನೆಯ ಮಾತ್ರೆ ಡಬ್ಬಿಯಲ್ಲೇ ಇವೆ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಬಹುಶಃ ಅಲ್ಲೂ ಇರುತ್ತವೆ. ಅದೇ ಹೋಪ್ ಪ್ರಯೋಗದ ಇನ್ನರ್ಧವನ್ನು ಮಾತ್ರ ಎಲ್ಲರೂ ಮರೆತರು. ವಿಟಮಿನ್ ಇ ಹೃದಯಕ್ಕೆ ಒಳ್ಳೆಯದೇ ಎಂದೂ ಅಲ್ಲಿ ನೋಡಿದ್ದರು. ಏನೂ ಪ್ರಯೋಜನವಿಲ್ಲ ಎಂದು ಕಂಡಿತ್ತು. ಔಷಧದಂಗಡಿಗಳಲ್ಲಿ ಆ ಹಸಿರು ಗುಳಿಗೆ ಇವತ್ತಿಗೂ ಸಲೀಸಾಗಿ ಖರ್ಚಾಗುತ್ತದೆ.

ಈಗ 2004ರ ಪ್ರಬಂಧಕ್ಕೆ ಬರೋಣ. ಅದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ ಅನ್ನಬಹುದು. ಹೃದಯಾಘಾತಕ್ಕೆ ಏನೇನು ಕಾರಣ ಎಂಬುದು ಅದುವರೆಗೆ ಹೆಚ್ಚಾಗಿ ಗೊತ್ತಾಗಿದ್ದದ್ದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಿಂದ. ಅಲ್ಲಿ 1948ರಿಂದ 5,209 ಜನರ ಬೆನ್ನುಹತ್ತಿ ದಾಖಲೆ ಇಟ್ಟಿದ್ದರು. ಬಿಳಿಯರ ಆ ಊರಿನ ಲೆಕ್ಕ ಇಡ್ಲಿ, ಮುದ್ದೆ ತಿನ್ನುವವರಿಗೂ ಹೊಂದುತ್ತದೆಯೇ? ನಮ್ಮ ರೋಗ ನಮ್ಮ ವಂಶವಾಹಿಯಲ್ಲೇ ಇದೆ ಎಂದು ವಾದಿಸುವವರಿಗೆ ಬರವಿರಲಿಲ್ಲ. ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಯೂಸುಫ್ ಅವರ ಜೊತೆಗೂಡಿ ಬೆಂಗಳೂರಿನಲ್ಲೇ ಹೃದಯಾಘಾತವಾದ 200 ಮಂದಿಯನ್ನೂ ಆಗದ 200 ಮಂದಿಯನ್ನೂ ಹೋಲಿಸಿ ನೋಡಿದರು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆ ಪ್ರಬಂಧದಲ್ಲಿ ಮೊದಲ ಆರೋಪಿ ಬೀಡಿ-ಸಿಗರೇಟು. ಅದರ ಹಿಂದೆಯೇ ರಕ್ತದೊತ್ತಡ, ರಕ್ತದ ಸಕ್ಕರೆ, ಉಬ್ಬಿದ ಹೊಟ್ಟೆ.

ನಾನೂರು ಜನರ ಈ ನಮೂನೆಯನ್ನು ಭೂಗೋಳದಷ್ಟು ಹಿಗ್ಗಿಸಿದರೆ ಸಿಗುವುದೇ ‘ಇಂಟರ್‌ಹಾರ್ಟ್’. ಹೃದಯಾಘಾತವಾಗಿ ಆಸ್ಪತ್ರೆಗೆ ಬಂದವರು 15,152. ಅವರ ಎದುರು ಅದೇ ಲಿಂಗದ, ಹತ್ತಿರದ ವಯಸ್ಸಿನ, ಹೃದ್ರೋಗವಿಲ್ಲದ 14,820 ಮಂದಿ. ಬಾಂಗ್ಲಾದೇಶದಿಂದ ಬ್ರೆಜಿಲ್‌ವರೆಗೆ ಎಂದು ಬಣ್ಣ ಕಟ್ಟಬಹುದಿತ್ತು; ನನಗೆ ಹಿಡಿಸಿದ್ದು ಅದಕ್ಕಿಂತ ಬಡ ಸಾಮಗ್ರಿ. ದರ್ಜಿಯ ಬಳಿ ಇರುವಂಥ ಅಳತೆಯ ಟೇಪು. ಪ್ರತಿಯೊಬ್ಬರ ಸೊಂಟ ಮತ್ತು ಪೃಷ್ಠದ ಸುತ್ತಳತೆಯನ್ನು 52 ದೇಶಗಳಲ್ಲಿ ಒಂದೇ ಕ್ರಮದಲ್ಲಿ ಯಾರೋ ಅಳೆದರು. ಮರುವರ್ಷ ಆ ಟೇಪಿನ ಲೆಕ್ಕದಿಂದಲೇ ಇನ್ನೊಂದು ಪ್ರಬಂಧ ಹುಟ್ಟಿತು: ಹೃದಯದ ಅಪಾಯ ಹೇಳಲು ತೂಕ-ಎತ್ತರದ ಸೂಚ್ಯಂಕಕ್ಕಿಂತ ಸೊಂಟ-ಪೃಷ್ಠದ ಅನುಪಾತ ಹೆಚ್ಚು ನಂಬಲರ್ಹ. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಗುಡಾಣ ಎಂಬ ನಮ್ಮೂರ ಮೈಕಟ್ಟಿಗೆ ಇದಕ್ಕಿಂತ ತಕ್ಕ ಎಚ್ಚರಿಕೆ ಇಲ್ಲ.

ಇಂಟರ್‌ಹಾರ್ಟ್ ಒಂಬತ್ತು ಕಾರಣಗಳನ್ನು ಹೆಸರಿಸಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಬೊಜ್ಜುಹೊಟ್ಟೆ, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ವ್ಯಾಯಾಮ ಮಾಡದಿರುವುದು, ಮದ್ಯಪಾನದ ಅಭ್ಯಾಸ. ಅಪಾಯದ ನೂರರಲ್ಲಿ 90 ಪಾಲು ಗಂಡಸರಲ್ಲಿ, 94 ಪಾಲು ಹೆಂಗಸರಲ್ಲಿ ಈ ಒಂಬತ್ತರ ಲೆಕ್ಕಕ್ಕೆ ಬರುತ್ತದೆ, ಮತ್ತು ಅದು ಜಗತ್ತಿನ ಎಲ್ಲ ಭಾಗಗಳಲ್ಲೂ ಹೆಚ್ಚುಕಡಿಮೆ ನಿಜ ಎಂಬುದು ಅದರ ತೀರ್ಮಾನ. ಮದ್ಯದ ಸಂಗತಿ ಗೋಜಲಿನದು. ಮಿತವಾಗಿ ಕುಡಿಯುವವರಿಗೆ ಅಲ್ಲಿ ತುಸು ರಕ್ಷಣೆ ಕಂಡಿತ್ತು, ದಕ್ಷಿಣ ಏಷ್ಯಾದವರಲ್ಲಿ ಅದೂ ಕಾಣಲಿಲ್ಲ. ಗುಂಡು ಹಾಕಲು ನೆಪ ಹುಡುಕುವವರು ಈ ಸಾಲನ್ನು ಎರಡು ಸಲ ಓದಬೇಕು.

ಆ 90 ಎಂಬ ಅಂಕಿ ಜಗತ್ತನ್ನೆಲ್ಲ ಸುತ್ತಿತು. ಸುತ್ತುವಾಗ ಸ್ವಲ್ಪ ಮುಕ್ಕಾಯಿತು. ನೂರರಲ್ಲಿ 90 ಹೃದಯಾಘಾತಗಳನ್ನು ತಪ್ಪಿಸಬಹುದು ಎಂದೇ ಬಹಳ ಜನ ಅದನ್ನು ಓದಿಕೊಂಡರು. ಅದು ಅಷ್ಟು ಸರಳವಲ್ಲ. ಪ್ರಬಂಧದ ಕೋಷ್ಟಕ ನೋಡಿದರೆ ಕೊಬ್ಬಿಗೆ 49, ಧೂಮಪಾನಕ್ಕೆ ಸುಮಾರು 36, ಮನಸ್ಸಿನ ಒತ್ತಡಕ್ಕೆ 32ರ ಮೇಲೆ. ಮೂರನ್ನು ಕೂಡುವಷ್ಟರಲ್ಲೇ ನೂರು ದಾಟಿಹೋಯಿತು! ಲೆಕ್ಕವೇನೂ ತಪ್ಪಿಲ್ಲ. ಅಮಾವಾಸ್ಯೆಯ ರಾತ್ರಿ ಕುಡಿದು ಬರುತ್ತಿದ್ದವನು ಕಟ್ಟೆಯಿಲ್ಲದ ಬಾವಿಗೆ ಬಿದ್ದ ಅನ್ನಿ. ಬೆಳದಿಂಗಳಿದ್ದರೂ ಉಳಿಯುತ್ತಿದ್ದ, ಕುಡಿಯದಿದ್ದರೂ ಉಳಿಯುತ್ತಿದ್ದ, ಕಟ್ಟೆಯಿದ್ದರೂ ಉಳಿಯುತ್ತಿದ್ದ. ಒಂದೇ ಬೀಳುವಿಕೆಗೆ ಮೂರು ಕಾರಣಗಳು ತಲಾ ಪೂರ್ತಿ ಪಾಲು ಕೇಳುತ್ತವೆ. ಹೃದಯಾಘಾತದ ಲೆಕ್ಕವೂ ಹಾಗೆಯೇ.

2007ರಲ್ಲಿ ಅದೇ ದತ್ತಾಂಶದಿಂದ ದಕ್ಷಿಣ ಏಷ್ಯಾದವರನ್ನು ಬೇರ್ಪಡಿಸಿ ನೋಡಿದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮ ಕಡೆಯವರಲ್ಲಿ 53; ಮಿಕ್ಕ ದೇಶಗಳಲ್ಲಿ 58.8. ಸುಮಾರು ಆರು ವರ್ಷ ಮೊದಲೇ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದವರೆಲ್ಲ ಕೇಳಿದ್ದು ಇದೇ ಪ್ರಶ್ನೆ: ನಮ್ಮವರಿಗೇಕೆ ಇಷ್ಟು ಬೇಗ? ಒಬ್ಬ ವ್ಯಕ್ತಿಯ ಸಾವಿಗೆ ಯಾವ ಸರಾಸರಿಯೂ ಕಾರಣ ಹೇಳಲಾರದು. ಇಡೀ ಜನಸಮುದಾಯದ ಬಗ್ಗೆ ಮಾತ್ರ ಆ ಪ್ರಬಂಧ ಉತ್ತರ ಕೊಟ್ಟಿತ್ತು. ಅವೇ ಒಂಬತ್ತು ಕಾರಣಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಮನೆ ಸೇರುತ್ತವೆ.

ಇಷ್ಟೆಲ್ಲದರ ತೂಕವನ್ನು ವಿದ್ವತ್‌ಲೋಕ ಅಳೆಯುವುದು ಹೇಗೆ? ಎಣಿಸಿ. ಯಾರ ಪ್ರಬಂಧವನ್ನು ಯಾರು ಉಲ್ಲೇಖಿಸಿದರು ಎಂದು ಪಟ್ಟಿ ಮಾಡುವ ಕೆಲಸವನ್ನು ಫಿಲಡೆಲ್ಫಿಯಾದ ಯೂಜಿನ್ ಗಾರ್ಫೀಲ್ಡ್ 1964ರಲ್ಲಿ ದೊಡ್ಡ ಸೂಚಿಯಾಗಿ ಹೊರತಂದರು. 2005ರಲ್ಲಿ ಹಾರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಎಚ್-ಸೂಚ್ಯಂಕ ಕೊಟ್ಟರು. ನಿಮ್ಮ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ನಿಮ್ಮ ಅಂಕಿ ಹತ್ತು. ಇಪ್ಪತ್ತಾಗಬೇಕಾದರೆ ತಲಾ ಇಪ್ಪತ್ತು ಉಲ್ಲೇಖದ ಇಪ್ಪತ್ತು ಪ್ರಬಂಧ ಬೇಕು. ಯೂಸುಫ್ ಅವರದು ಇನ್ನೂರು ದಾಟಿದೆ.

ಬೆರಗಾಗುವ ಮೊದಲು ಅಳತೆಗೋಲನ್ನೂ ಒಮ್ಮೆ ನೋಡಬೇಕು. ಹಿರ್ಶ್ ಮುಂದಿಟ್ಟುಕೊಂಡಿದ್ದದ್ದು ತನ್ನಂಥ ಭೌತವಿಜ್ಞಾನಿಗಳನ್ನು. ನೂರಾರು ಜನ ಸೇರಿ ಬರೆದ ವೈದ್ಯಕೀಯ ಪ್ರಬಂಧಕ್ಕೆ ಒಂದು ಉಲ್ಲೇಖ ಬಂದರೆ ಅದು ಪಾಲಾಗುವುದಿಲ್ಲ, ಹೆಸರಿರುವ ಪ್ರತಿಯೊಬ್ಬರ ಖಾತೆಗೂ ಇಡಿಯಾಗಿ ಜಮೆಯಾಗುತ್ತದೆ. ಪಂಕ್ತಿಯಲ್ಲಿ ಕೂತವರಿಗೆಲ್ಲ ಪೂರ್ತಿ ಹೋಳಿಗೆ. ಟೇಪು ಹಿಡಿದು ಅಳೆದವರು ಮಾತ್ರ ಪಂಕ್ತಿಯಲ್ಲೇ ಇಲ್ಲ. ಇಂಟರ್‌ಹಾರ್ಟ್ ಪ್ರಬಂಧದ ನೆತ್ತಿಯ ಮೇಲಿರುವ ಹನ್ನೊಂದು ಹೆಸರುಗಳಲ್ಲಿ ಪ್ರೇಮ್ ಪೈಸ್ ಅವರದೂ ಒಂದು. ಆದರೆ ಉಲ್ಲೇಖಿಸುವವರ ಕೈಯಲ್ಲಿ ಅವರೂ ‘ಇತರರು’ ಆಗುತ್ತಾರೆ.

ಇನ್ನೊಂದು ವಿಚಿತ್ರ. ಎಣಿಕೆಗೆ ಹೊಗಳಿಕೆಯೂ ಒಂದೇ, ಬೈಗುಳವೂ ಒಂದೇ. ಯೂಸುಫ್ ಮುಂದಾಳತ್ವದ ‘ಪ್ಯೂರ್’ ಎಂಬ ಬಹುದೇಶೀಯ ಅಧ್ಯಯನ 2014ರಲ್ಲಿ, ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ ತಿನ್ನುವವರಲ್ಲೇ ಅಪಾಯ ಅತಿ ಕಡಿಮೆ, ತೀರಾ ಕಡಿಮೆ ತಿಂದರೂ ಒಳ್ಳೆಯದಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 2 ಗ್ರಾಂಗಿಂತ ಕಡಿಮೆ. ಉಪ್ಪಿನ ಲೆಕ್ಕದಲ್ಲಿ ಒಂದು ಟೀ ಚಮಚಕ್ಕಿಂತ ತುಸು ಕಮ್ಮಿ. ಟೀಕಾಕಾರರು ಮುಗಿಬಿದ್ದರು. ಬೆಳಗಿನ ಒಂದು ಸಲದ ಮೂತ್ರದಿಂದ ಇಡೀ ದಿನದ ಉಪ್ಪನ್ನು ಊಹಿಸುವುದು ಸರಿಯೇ? ಕಾಯಿಲೆ ಇರುವುದರಿಂದಲೇ ಉಪ್ಪು ಬಿಟ್ಟವರು ಆ ಕಡಿಮೆ ಉಪ್ಪಿನ ಗುಂಪಿನಲ್ಲಿ ಇರಲಿಲ್ಲವೇ? ಈ ಆಕ್ಷೇಪಗಳಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ. ಚೀಟಿ ಎತ್ತಿ ಮಾಡಿದ ಪ್ರಯೋಗ ಇದಲ್ಲ. ಆ ಪಾಠವನ್ನು ಜಗತ್ತಿಗೆ ಹೇಳಿಕೊಟ್ಟವರಲ್ಲಿ ಸ್ವತಃ ಯೂಸುಫ್ ಒಬ್ಬರು. ಅಂತೂ ಒಂದೊಂದು ಖಂಡನೆಯೂ ಅವರ ಪ್ರಬಂಧಕ್ಕೆ ಇನ್ನೊಂದು ಉಲ್ಲೇಖವಾಯಿತು.

ಅವರ ಸಂಸ್ಥೆಯ ದೊಡ್ಡತನ ನನಗೆ ಕಂಡದ್ದು ಬೇರೆ ಕಡೆ. ಬೀಟಾ ಬ್ಲಾಕರ್‌ಗಳ ಕೀರ್ತಿ ಬೆಳೆದು, ಹೃದಯಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಹೃದಯ ಕಾಯಲೆಂದು ಅದನ್ನು ಕೊಡುವ ರೂಢಿ ಬಂದಿತ್ತು. 2008ರಲ್ಲಿ ಹ್ಯಾಮಿಲ್ಟನ್ ತಂಡ, ಪಿ. ಜೆ. ಡೆವೆರೋ ಮುಂದಾಗಿ, 8,351 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಹೃದಯಾಘಾತವೇನೋ ಕಡಿಮೆಯಾಯಿತು. ಆದರೆ ಮದ್ದು ಪಡೆದವರಲ್ಲಿ 129 ಸಾವು, ಪಡೆಯದವರಲ್ಲಿ 97. ಪಾರ್ಶ್ವವಾಯು 41, ಎದುರಿಗೆ 19. 1985ರಲ್ಲಿ ತಾವೇ ಎತ್ತಿ ನಿಲ್ಲಿಸಿದ ಔಷಧಕ್ಕೆ ಇಲ್ಲಿ ಕಾಲಿಡಬೇಡ ಎಂದು ಗೆರೆ ಎಳೆದ ಪ್ರಬಂಧದಲ್ಲೂ ಯೂಸುಫ್ ಹೆಸರಿದೆ.

ಇನ್ನು, ಉಲ್ಲೇಖ ಎಷ್ಟೇ ಬರಲಿ, ಮಾತ್ರೆ ಮನೆ ತಲುಪಿತೇ? ಇದನ್ನೂ ಪ್ಯೂರ್ ತಂಡವೇ 2011ರಲ್ಲಿ ಕೇಳಿತು. ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಬದುಕುಳಿದವರ ಮನೆಗೆ ಹೋಗಿ, ಆಸ್ಪಿರಿನ್, ಬೀಟಾ ಬ್ಲಾಕರ್ ಮುಂತಾದ ನಾಲ್ಕು ಬಗೆಯ ಔಷಧಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳುತ್ತಿದ್ದೀರಾ ಎಂದು ವಿಚಾರಿಸಿದರು. ಒಂದನ್ನೂ ನುಂಗದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 11. ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ 80. ಹೋಪ್ ಬಂದು ಹತ್ತು ವರ್ಷ, ಎರಡನೆಯ ಐಸಿಸ್ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಎಲ್ಲವನ್ನೂ ಒಂದೇ ಗುಳಿಗೆಯಲ್ಲಿ ತುಂಬಿದರೆ ಹೇಗೆ ಎಂಬ ಯೋಚನೆ ಗಟ್ಟಿಯಾದದ್ದು ಈ ಕಂದಕದ ಅಂಚಿನಲ್ಲೇ. 2009ರಲ್ಲಿ ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ‘ಪಾಲಿಕ್ಯಾಪ್’ ಪರೀಕ್ಷೆಯಾಯಿತು. ಯೂಸುಫ್ ಜೊತೆ ಅದನ್ನು ಮುನ್ನಡೆಸಿದವರು ಸೇಂಟ್ ಜಾನ್ಸ್‌ನವರು. ಆಸ್ಪಿರಿನ್, ರಾಮಿಪ್ರಿಲ್, ಒಂದು ಬೀಟಾ ಬ್ಲಾಕರ್, ಕೊಬ್ಬು ಇಳಿಸುವ ಸ್ಟ್ಯಾಟಿನ್, ಮೂತ್ರವರ್ಧಕ ಹೀಗೆ ಐದು ಮದ್ದು ಒಂದರಲ್ಲಿ. ಅವರ ಪ್ರಬಂಧಪಟ್ಟಿಯನ್ನೇ ಅರೆದು ಗುಳಿಗೆ ಕಟ್ಟಿದ ಹಾಗೆ! ಇಂಥ ಗುಳಿಗೆಗಳು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿದ್ದು 2023ರಲ್ಲಿ.

ಕೊನೆಗೆ ಒಂದು ಪ್ರಬಂಧ. ಇಂಟರ್‌ಹಾರ್ಟ್‌ನಷ್ಟು ಹೆಸರು ಇದಕ್ಕಿಲ್ಲ. ಮೊದಲ ಹೆಸರು ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಅವರದು, ಯೂಸುಫ್ ಇಲ್ಲಿ ‘ಇತರರ’ ಸಾಲಿನಲ್ಲಿದ್ದಾರೆ. 2008ರಲ್ಲಿ ಬಂದ ‘ಕ್ರಿಯೇಟ್’ ದಾಖಲೆ ಇದು. ಭಾರತದ 50 ನಗರಗಳ 89 ಕೇಂದ್ರಗಳು, 20,937 ರೋಗಿಗಳು. ಹೃದಯಾಘಾತವಾದ ಒಂದು ತಿಂಗಳೊಳಗೆ ಬಡವರಲ್ಲಿ ನೂರಕ್ಕೆ 8.2 ಮಂದಿ ಸತ್ತರು, ಉಳ್ಳವರಲ್ಲಿ 5.5. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಆ ಅಂತರ ಅಳಿಸಿಹೋಯಿತು. ಬಡವರ ಹೃದಯದಲ್ಲಿ ಬೇರೆ ದೋಷವೇನೂ ಇರಲಿಲ್ಲ, ಮದ್ದು ಸಿಗಲಿಲ್ಲ ಅಷ್ಟೆ.

ಅದರಲ್ಲಿ ಇನ್ನೆರಡು ಅಂಕಿಗಳಿವೆ. ಆಸ್ಪತ್ರೆ ಹೊಕ್ಕ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಬೀಳಲು ಹಿಡಿದದ್ದು 50 ನಿಮಿಷ. ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದದ್ದು 360 ನಿಮಿಷ. ಆರು ಗಂಟೆ! ರಸ್ತೆ, ದೂರ, ದುಡ್ಡು ಎಲ್ಲ ಅದರಲ್ಲಿದೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವುದೂ ಇದೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ಎಡತೋಳಿಗೋ ದವಡೆಗೋ ಹರಿದರೆ ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.